ನೀರಿನ ಮೇಲೂ ಬಂದ್ ಮಾಡಿಸಿರಿ

ಸೊನ್ನ ಗ್ರಾಮ, ಅಫಜಲಪುರ ತಾಲ್ಲೂಕು

ಸೈಬರ್ ಠಾಣೆಯ ಸಾಹೇಬರಿಗೆ ಜೈಭೀಮ್.

ಮೆಸೇಜ್ ಆ್ಯಪಿನಲ್ಲಿ ಕ್ರಿಪ್ಟೊ ಹಣ ಕಟ್ಟಿ ಆಡುವ ಪೋಕರ್ ಇಸ್ಪೀಟಾಟ ನಮ್ಮ ಸೀಮೆಯಲ್ಲಿ ಬಂದ್ ಆಗಲೆಂದು ಅಫಜಲಪುರದ ತುಂಬ ಕರಪತ್ರ ಹಂಚಿದವಳು ನಾನೇ. ಬಂದ್ ಆಯಿತು.

ಕಳೆದ ತಿಂಗಳು, ಆ ಆಟ ಆಡುತ್ತಿದ್ದ ನನ್ನ ಅಣ್ಣ ದಿಲೀಪ ಭೀಮಾ ನದಿಯಲ್ಲಿ ಮುಳುಗಿ ತೀರಿಕೊಂಡ. ಅವನಿಗೆ ಪ್ರೀತಿಯದೆಂದು ಅವ್ವ ಅವನ ಫೋನನ್ನೂ ಜೊತೆಗೇ ಮಣ್ಣು ಮಾಡಿಸಿದಳು.

ಈಗ ಅವನ ಹೆಸರಿನಿಂದ ಅವ್ವನ ಫೋನಿಗೆ ದಿನವೂ ಆಟಕ್ಕೆ ಬಾ ಎಂಬ ಮೆಸೇಜ್ ಬರುತ್ತದೆ. ಒತ್ತಿದರೆ ‘ನಿಮ್ಮ ಪ್ರದೇಶದಲ್ಲಿ ಪ್ರವೇಶವಿಲ್ಲ’ ಎನ್ನುತ್ತದೆ. ದೆವ್ವವನ್ನು ನಾನು ನಂಬುವುದಿಲ್ಲ. ಯಾರೋ ಖಾತೆ ಕದ್ದಿದ್ದಾರೆ. ಅವ್ವ ಮಾತ್ರ, “ಅಂವ ಇರೋ ಪ್ರದೇಶಕ್ಕ ಹ್ಯಾಂಗ ಹೋಗ್ಬೇಕು ಬೇ?” ಎನ್ನುತ್ತಾಳೆ.

ನಿನ್ನೆ ನಮ್ಮೂರ ಭೀಮಾ ಬ್ಯಾರೇಜಿನ ಮೇಲೆ ಬಗ್ಗಿ, ಫೋನನ್ನು ನೀರಿನತ್ತ ಚಾಚಿದ್ದಳು. “ಇಲ್ಲಿ ತೆರಿತದ ನೋಡು.”

ನೋಡಿದೆ. ಆಟ ತೆರೆದಿತ್ತು. ಪರದೆಯ ಮೇಲಿನ ಇಸ್ಪೀಟು ಮೇಜಿನಲ್ಲಿ ಅಣ್ಣನ ಪಕ್ಕದ ಖಾಲಿ ಕುರ್ಚಿಗೆ ಅವ್ವನ ಹೆಸರಿತ್ತು.

ದಯವಿಟ್ಟು ನೀರಿನ ಮೇಲೂ ಬಂದ್ ಮಾಡಿಸಿರಿ. ಅಲ್ಲಿಯವರೆಗೆ ಅವ್ವನ ಸೆರಗು ಹಿಡಿದಿರುತ್ತೇನೆ.

ಸಂಘಮಿತ್ರಾ