ಕರಿ ಗುಂಡಿಗಳ ಡಬ್ಬಿ

ಭಾನುವಾರ, ಮಾರ್ಚ್ ಒಂಬತ್ತು
ಮಧ್ಯಾಹ್ನ ಮೂರು ಗಂಟೆ

ಚಿಕ್ಕೂ,

ನಾನು ಚೆನ್ನಾಗಿದ್ದೇನೆ, ನೀನೂ ಹಾಗೇ ಇದ್ದೀ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆಯುವಷ್ಟು ಕಸುವು ಈಗ ಕೈಯಲ್ಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಇವತ್ತು ರಜೆ. ಎಂಟು ಹೊಲಿಗೆ ಮಿಷನ್ನುಗಳೂ ಮುಸುಕು ಹಾಕಿಕೊಂಡು ಕೂತಿವೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ರೇಗುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದ ಎದುರುತ್ತರ ಕೊಡುವುದಿಲ್ಲ.

ಅಪ್ಪನ ಸುದ್ದಿ ಬರೆಯಬೇಡ ಎಂದು ಪ್ರತಿ ಕಾಗದದ ಕೊನೆಗೂ ಅಡಿಗೆರೆ ಎಳೆದು ಬರೆಯುತ್ತೀ. ಹದಿನೇಳು ವರ್ಷ ನಿನ್ನ ಮಾತು ನಡೆಸಿದ್ದೇನೆ. ಈ ಸಲ ನಡೆಸುವುದಿಲ್ಲ. ಓದು.

ಆಸ್ಪತ್ರೆಯ ಸಮವಸ್ತ್ರದ ಕೆಲಸ ಸಿಕ್ಕಿದೆ, ಇನ್ನೂ ನಾಲ್ಕು ಮಿಷನ್ ಹಾಕಬೇಕು, ಜಾಗವಿಲ್ಲ. ಹಿಂದಿನ ಶೆಡ್ಡು ಒಡೆಸುವುದೆಂದು ತೀರ್ಮಾನ ಮಾಡಿದೆ. ಶೆಡ್ಡಿನಲ್ಲಿ ಇರುವುದು ನಿನ್ನ ಆಮೆ. ಅದರ ಗುಂಡು ಬೆನ್ನು ನೋಡಿ ಆ ಹೆಸರಿಟ್ಟವಳು ನೀನೇ. ಆ ಕಾರು ನೀನು ಹುಟ್ಟುವ ಮೊದಲೇ ಹಳೆಯದಾಗಿತ್ತು. ಈಗ ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಗುಜರಿಯವನಿಗೆ ಹೇಳಿ ಕಳಿಸಿದೆ. ನಿನ್ನ ಅಪ್ಪ ನನ್ನ ಮಾತಿಗೆ ಎದುರಾಡಿದವರಲ್ಲ. ಅವತ್ತು ಮಾತ್ರ ಊಟದ ತಟ್ಟೆಯಿಂದ ಕೈ ಎತ್ತಿ, "ಕಳಿಸು, ಬೇಡ ಅನ್ನಲ್ಲ. ಆದ್ರೆ ಅದು ತನ್ನ ಕಾಲ ಮೇಲೆ ಹೊರಗೆ ಬರ್ಲಿ. ಹಗ್ಗ ಕಟ್ಟಿ ಎಳ್ಕೊಂಡು ಹೋಗೋದು ಬೇಡ" ಎಂದರು. ಒಂದು ತಿಂಗಳು ಗಡುವು ಕೊಟ್ಟೆ. ಗಡುವು ನಾಳೆ ಬೆಳಿಗ್ಗೆಗೆ ಮುಗಿಯುತ್ತದೆ.

ಶೆಡ್ಡಿನ ಬಾಗಿಲು ತೆಗೆಯುವುದಕ್ಕೇ ಒಂದು ಹೊತ್ತು ಬೇಕಾಯಿತು. ಒಳಗೆ ಆಮೆ ನಾಲ್ಕು ಟೈರನ್ನೂ ನೆಲಕ್ಕೆ ಊರಿ ಕೂತಿತ್ತು. ಹಿಂದಿನ ಸೀಟಿನಲ್ಲಿ ಇಲಿ ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು ಹೋಗಿತ್ತು. ಸೀಟಿನ ನಾರನ್ನು ಹಿಡಿಹಿಡಿಯಾಗಿ ಹೊರಗೆ ಎಸೆಯುತ್ತಾ ನಿನ್ನ ಅಪ್ಪ, "ಇಷ್ಟು ವರ್ಷ ಪುಕ್ಕಟೆ ಇದ್ದು, ಹೋಗೋವಾಗ ಗುಡಿಸಿಯಾದ್ರೂ ಹೋಗ್ಬಾರ್ದಾ" ಎಂದು ನಕ್ಕರು. ಎಪ್ಪತ್ತೆರಡು ವರ್ಷದ ಮನುಷ್ಯ ಹಾಗೆ ನಕ್ಕದ್ದು ಕಂಡು ನನಗೆ ಯಾಕೋ ಸಿಟ್ಟು ಬಂತು.

ಜೊತೆಗೆ ಕಿವುಡ ಮೇಸ್ತ್ರಿ ಬರುತ್ತಾರೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಂಜಿನ್ನುಗಳ ನಡುವೆ ದುಡಿದು ಕಿವಿ ಕಳೆದುಕೊಂಡವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ಸದ್ದು ಕೇಳುತ್ತಾರಂತೆ. ಮನೆಯಲ್ಲಿ ಹೆಂಡತಿ ಮಾತಾಡುವಾಗ ಮಾತ್ರ ಆ ಸ್ಕ್ರೂಡ್ರೈವರ್ ಕೈಗೆ ಸಿಗುವುದಿಲ್ಲ ಎಂದು ನಿನ್ನ ತಮ್ಮನ ಹೆಂಡತಿ ನಗುತ್ತಾಳೆ.

ಎಂಜಿನ್ ಕಚ್ಚಿಕೊಂಡಿತ್ತು. ಪ್ಲಗ್ಗು ಬಿಚ್ಚಿ, ತೂತುಗಳಿಗೆ ಎಣ್ಣೆ ಹೊಯ್ದು ನಾಲ್ಕು ದಿನ ನೆನೆಯಲು ಬಿಟ್ಟರು. ಐದನೆಯ ದಿನ ಮುಂದಿನಿಂದ ಹ್ಯಾಂಡಲ್ ಹಾಕಿ ಇಬ್ಬರೂ ಭಾರ ಬಿಟ್ಟು ಒತ್ತಿದಾಗ ಕೂದಲೆಳೆಯಷ್ಟು ಜರುಗಿತು. ಸಂಜೆಯ ಹೊತ್ತಿಗೆ ಅರ್ಧ ಸುತ್ತು. ಟ್ಯಾಂಕಿನಿಂದ ಹೊರಬಂದದ್ದು ಪೆಟ್ರೋಲಲ್ಲ, ವಾರ್ನಿಷ್ಷಿನಂಥ ಕಂದು ಅಂಟು. ಅದರ ನಾತ ಹೊಲಿದಿಟ್ಟ ಬಿಳಿ ಕೋಟುಗಳಿಗೂ ಹತ್ತಿತು. ಬ್ರೇಕು ಬಿಚ್ಚಿದರು, ಕಾರ್ಬುರೇಟರ್ ತೊಳೆದರು, ಟೈರು ಬದಲಿಸಿದರು. ನಿನ್ನ ಅಪ್ಪನಿಗೆ ಕಣ್ಣು ಮಂಜು. ಸಣ್ಣ ಸ್ಕ್ರೂಗಳನ್ನು ಬೆರಳಲ್ಲೇ ತಡವಿ ಗುರುತು ಹಿಡಿಯುತ್ತಾರೆ. ದಿನಾ ಸಂಜೆ ನಡು ಹಿಡಿದುಕೊಂಡು ಒಳಗೆ ಬರುವುದನ್ನು ನೋಡಿ ನೋಡಿ ನನಗೇ ದಣಿವಾಗುತ್ತಿತ್ತು.

ಒಂದು ಸಂಗತಿಯನ್ನು ನಾನು ಆಗಲೇ ಗಮನಿಸಬೇಕಿತ್ತು. ಮೇಸ್ತ್ರಿ ಮೂರು ಸಲ ಕಿಡಿ ಬರುವ ಭಾಗಕ್ಕೆ ಕೈ ಹಾಕಲು ಹೋದರು. ಮೂರು ಸಲವೂ ನಿನ್ನ ಅಪ್ಪ, "ಅದು ಕೊನೇಗಿರ್ಲಿ" ಎಂದು ತಡೆದರು. ಬೇರೆ ಕೆಲಸವೆಲ್ಲ ಮುಗಿದ ಮೇಲೆ ಹಾರ್ನ್ ರಿಪೇರಿಗೆ ಕೂತರು. ಗುಜರಿಗೆ ಹೋಗುವ ಗಾಡಿಗೆ ಹಾರ್ನ್! ಸಂಜೆ ಕೈ ತೊಳೆಯುವಾಗ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಸೋಪು ಬೇಕೇನೋ ಎಂದುಕೊಂಡು ಕೊಡುತ್ತಿದ್ದೆ.

ನಿನ್ನೆ ಮುಂದೂಡಲು ಏನೂ ಉಳಿದಿರಲಿಲ್ಲ. ಮೇಸ್ತ್ರಿ ಆ ಕಿಡಿಯ ಭಾಗದ, ಅಂದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದವರೇ ಕೂಗಿದರು. ಕಿವುಡರ ದನಿ ನಿನಗೆ ಗೊತ್ತಲ್ಲ. "ಯಜಮಾನ್ರೇ, ರೋಟರ್ರೇ ಇಲ್ವಲ್ರೀ ಇಲ್ಲಿ! ಇದು ತಾನಾಗಿ ಉದುರೋ ಸಾಮಾನಲ್ಲ, ಇಲಿ ತಿನ್ನೋ ಸಾಮಾನೂ ಅಲ್ಲ. ಕ್ಲಿಪ್ಪು ಬಿಚ್ಚಿ, ತೆಗ್ದು, ಮತ್ತೆ ನೀಟಾಗಿ ಮುಚ್ಚಿದ್ದಾರೆ. ಗೊತ್ತಿದ್ದೋರ ಕೈ ಇದು!"

ರೋಟರ್ ಎಂದರೆ ಹೆಬ್ಬೆರಳಷ್ಟು ದಪ್ಪದ ಒಂದು ಕಪ್ಪು ತುಂಡು, ತಲೆಯ ಮೇಲೆ ಹಿತ್ತಾಳೆಯ ಪಟ್ಟಿ. ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುವುದು ಅದೇ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ಕಬ್ಬಿಣ.

ನಿನ್ನ ಅಪ್ಪ ಮೆಲ್ಲಗೆ, "ನಾನೇ ತೆಗ್ದಿದ್ದೆ, ಎಲ್ಲಿಟ್ಟೆ ಅಂತ ಮರ್ತುಹೋಗಿದೆ" ಎಂದರು. ಮೇಸ್ತ್ರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಜೀವಮಾನದಲ್ಲಿ ದನಿ ಎತ್ತದ ಮನುಷ್ಯ ದನಿ ಎತ್ತಿದ್ದು ಆ ಒಂದು ಮಾತಿಗೆ. ಹೊಲಿಗೆ ಕೋಣೆಯವರೆಗೂ ಕೇಳಿಸಿ, ಒಂದೊಂದಾಗಿ ಮಿಷನ್ನುಗಳು ನಿಂತವು. ನಿನ್ನ ತಮ್ಮ ಹೊಸಿಲಲ್ಲಿ ನಿಂತು, "ಹಾಗಾದ್ರೆ ಅಕ್ಕ ಅಂದಿದ್ದು ನಿಜಾನಾ ಅಪ್ಪಾ? ಅವತ್ತು ಬೇಕಂತಲೇ ಮಾಡಿದ್ದಾ?" ಎಂದು ಕೇಳಿದ. ಅವರು ಹೂಂ ಎಂದರು. ಅವನು ಮುಖ ಬಿಗಿದುಕೊಂಡು ಫೋನ್ ಕೈಗೆತ್ತಿಕೊಂಡ, ನಿನಗೆ ಹೇಳಲು.

"ಕೆಳಗಿಡು ಅದನ್ನ. ಅವಳಿಗೆ ನಾನು ಬರೀತೀನಿ" ಎಂದೆ. ಈ ಮನೆಯಲ್ಲಿ ನನ್ನ ಮಾತನ್ನು ಯಾರೂ ಮೀರುವುದಿಲ್ಲ. ಅವನು ಕೆಳಗಿಟ್ಟ.

ಆ ದಿನ ನಿನಗೆ ನೆನಪಿಲ್ಲದೆ ಏನು! ನಕ್ಷೆ ಬರೆಯುವ ಕೆಲಸಕ್ಕೆ ಸಂದರ್ಶನ, ಹತ್ತು ಗಂಟೆಗೆ, ಎರಡು ಗಂಟೆಯ ದಾರಿ. ನಾನು ಬೇಡ ಎಂದಿದ್ದೆ. ನಿನ್ನ ಕೈಗೆ ಗೆರೆ ನೇರವಾಗಿ ಬರುತ್ತಿತ್ತು. ಅದು ನನ್ನ ಈ ಮೇಜಿಗೆ ಬೇಕಾಗಿತ್ತು. ನಾನು ಹೈಸ್ಕೂಲಿಗೇ ಓದು ನಿಲ್ಲಿಸಿ ಒಂದು ಮಿಷನ್ನಿನಿಂದ ಕಟ್ಟಿದ್ದನ್ನು ನಿನ್ನ ಕೈಗೆ ಕೊಡುವುದೆಂದು ನನ್ನಷ್ಟಕ್ಕೆ ನಾನೇ ಗೊತ್ತು ಮಾಡಿಕೊಂಡಿದ್ದೆ. ನಿನ್ನನ್ನು ಕೇಳಿರಲಿಲ್ಲ. ಅಪ್ಪ ನಿನಗೆ ಗುಟ್ಟಾಗಿ, ಗಾಡಿಯಲ್ಲಿ ನಾನು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರು. ಈ ಮನೆಯಲ್ಲಿ ಗುಟ್ಟು ನನಗೆ ತಿಳಿಯದೆ ಇರುತ್ತದೆಯೇ?

ಬೆಳಿಗ್ಗೆ ಗಾಡಿ ಹೊರಡಲಿಲ್ಲ. ಬಸ್ಸು ಆಗಲೇ ಹೋಗಿತ್ತು. ನೀನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ನಕ್ಷೆಯ ಸುರುಳಿ ಹಿಡಿದು ಒಂಬತ್ತರವರೆಗೂ ನಿಂತಿದ್ದೆ. ಆಮೇಲೆ ನನ್ನೆದುರಿಗೇ ಅಪ್ಪನಿಗೆ ಹೇಳಿದೆ, "ಅಮ್ಮ ಬೇಡ ಅಂದ್ರೆ ಮುಖಕ್ಕೆ ಹೇಳ್ತಾಳೆ. ನೀನು ಹೂಂ ಅಂತ ನಂಬಿಸಿ ಕೈ ಕೊಟ್ಟೆ." ಅವರು ಬಾನೆಟ್ ಮುಚ್ಚಿ ಕೈ ಒರೆಸಿಕೊಂಡು ನಿಂತರು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನೀನು ಕೊಟ್ಟ ಆ ಹೊಗಳಿಕೆಯನ್ನು ಹೊತ್ತುಕೊಂಡು ಒಳಗೆ ಹೋಗಿ ಕತ್ತರಿ ಹಿಡಿದೆ.

ರೋಟರ್ ತೆಗೆದವಳು ನಾನು.

ಹಿಂದಿನ ಸಂಜೆ, ಅವರು ಸ್ನಾನಕ್ಕೆ ಹೋಗಿದ್ದಾಗ. ಎಲ್ಲಿರುತ್ತದೆಂದು ಅವರೇ ನನಗೆ ತೋರಿಸಿದ್ದರು. ಗಾಡಿಯನ್ನು ಎಲ್ಲಾದರೂ ಬೀದಿಯಲ್ಲಿ ಬಿಡಬೇಕಾದರೆ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, "ಇನ್ನು ಕಳ್ಳನ ತಾತ ಬಂದ್ರೂ ಅಲ್ಲಾಡಲ್ಲ" ಎಂದು ಬೀಗುತ್ತಿದ್ದರು. ಕಳ್ಳಿ ಮನೆಯೊಳಗೇ ಇದ್ದಳು. ತಂದು, ಕೋಟಿನ ದೊಡ್ಡ ಕರಿ ಗುಂಡಿಗಳ ಡಬ್ಬಿಯಲ್ಲಿ ಹಾಕಿದೆ. ಗುಂಡಿಗಳ ನಡುವೆ ಅದೂ ಒಂದು ಗುಂಡಿಯಂತೆಯೇ ಕಾಣುತ್ತಿತ್ತು. ಮಧ್ಯಾಹ್ನ ಎಲ್ಲ ತಣ್ಣಗಾದ ಮೇಲೆ ಹಾಕಿಬಿಡುತ್ತೇನೆ ಎಂದುಕೊಂಡಿದ್ದೆ. ಮಧ್ಯಾಹ್ನ ನೀನು ಊಟಕ್ಕೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ತಿಂಗಳು ಕಳೆಯುವುದರೊಳಗೆ ಬಸ್ಸು ಹತ್ತಿ ಹೊರಟೇ ಹೋದೆ. ಆಮೇಲೆ ಹಾಕಿ ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದಿತ್ತು?

ನೀನು ಮೂರು ವರ್ಷ ಕಂಡವರ ಅಂಗಡಿಯಲ್ಲಿ ಬಿಲ್ಲು ಬರೆದು, ಆಮೇಲೆ ನಿನ್ನ ನಕ್ಷೆಯ ಕೆಲಸವನ್ನು ನೀನೇ ಹುಡುಕಿಕೊಂಡೆ. ಆ ಮೂರು ವರ್ಷ ಕದ್ದವಳು ನಾನು. ಅಪ್ಪನಿಗೂ ಸಲ್ಲಬೇಕಿದ್ದ ನಿನ್ನ ಕಾಗದಗಳನ್ನು ಕದ್ದವಳೂ ನಾನೇ. ಪ್ರತಿ ಸಲ ನೀನು "ಪ್ರೀತಿಯ ಅಮ್ಮನಿಗೆ" ಎಂದು ಬರೆಯುತ್ತಿದ್ದೆ. ನೇರ ಮನಸ್ಸಿನವಳು, ಮೋಸ ಗೊತ್ತಿಲ್ಲದವಳು ಎಂದು ಎಷ್ಟು ಸಲ ಬರೆದಿದ್ದೀ! ಅದನ್ನು ನಾನು ಊಟದ ಮೇಜಿನ ಮುಂದೆ ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪನಿಗೆ ಓದಿ ಹೇಳಬೇಡ ಎಂದಿದ್ದೆಯಲ್ಲ, ಅವರಿಗೆ ಓದುತ್ತಿರಲಿಲ್ಲ. ನನ್ನಷ್ಟಕ್ಕೆ ನಾನು ಓದಿಕೊಳ್ಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅವರು ರೇಡಿಯೋ ಸಣ್ಣಗೆ ಮಾಡುತ್ತಿದ್ದರು.

ನಿನ್ನೆ ಅವರು ಕೂಗಿದಾಗ ಸುಮ್ಮನಿದ್ದಿದ್ದರೆ ಸಾಕಿತ್ತು. ನಾಳೆ ಆಮೆ ಗುಜರಿಗೆ ಹೋಗುತ್ತಿತ್ತು, ಸುಳ್ಳು ಅವರ ಹೆಸರಲ್ಲಿ ಗಟ್ಟಿಯಾಗುತ್ತಿತ್ತು, ನಿನ್ನ ಕಾಗದ ನನಗೇ ಬರುತ್ತಿತ್ತು. ರಾತ್ರಿಯಿಂದ ಲೆಕ್ಕ ಹಾಕಿ ನೋಡಿದೆ. ಹೊರಲಾಗುವುದಿಲ್ಲ. ಒಳ್ಳೆಯವಳಾದೆ ಎಂದುಕೊಳ್ಳಬೇಡ, ಸುಸ್ತಾಗಿದೆ, ಅಷ್ಟೇ.

ಕ್ಷಮೆ ಕೇಳುವ ಮಾತು ನನ್ನ ಕೈಗೆ ರೂಢಿಯಿಲ್ಲ. ಈ ಸಾಲಿನ ಮೇಲೆ ಮೂರು ಸಲ ಬರೆದು ಹೊಡೆದು ಹಾಕಿದ್ದು ಕಾಣುತ್ತದೆ. ಹೊಡೆದದ್ದನ್ನೇ ಓದಿಕೋ.

ಇನ್ನು ಮೇಲೆ ಬರೆಯುವುದಿದ್ದರೆ ಅವರಿಗೆ ಬರೆ. ನನಗೆ ಬೇಡ. ಈಗ ಡಬ್ಬಿ ತೆಗೆದುಕೊಂಡು ಶೆಡ್ಡಿಗೆ ಹೋಗುತ್ತೇನೆ.

ನಿನ್ನನ್ನು ತಡೆದವಳು,
ಅಮ್ಮ

ತಾ.ಕ.: ಸೋಮವಾರ, ಹನ್ನೊಂದು ಗಂಟೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ನಿನ್ನೆ ರೋಟರನ್ನು ಅವರ ಅಂಗೈಯಲ್ಲಿಟ್ಟೆ. ಅಂಗಿಯ ತುದಿಯಲ್ಲಿ ಒರೆಸಿ, "ಹಿತ್ತಾಳೆ ಉಜ್ಬೇಕು, ಪೆಟ್ಟಿಗೆಯಿಂದ ಉಪ್ಪು ಕಾಗದ ತಗೊಂಬಾ" ಎಂದರು. ಅವರ ಸಾಮಾನಿನ ಪೆಟ್ಟಿಗೆಯ ತಳದಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿದ ಇನ್ನೊಂದು ರೋಟರ್ ಇತ್ತು. ಹೊಚ್ಚ ಹೊಸದು. ಆ ಬೆಳಿಗ್ಗೆ ಬಾನೆಟ್ ತೆರೆದಾಗಲೇ ಅದು ನನ್ನ ಕೆಲಸ ಎಂದು ಅವರಿಗೆ ತಿಳಿದಿತ್ತಂತೆ. ನೀನು ಮನೆ ಬಿಟ್ಟ ವಾರವೇ ಅದನ್ನು ತಂದಿಟ್ಟಿದ್ದರಂತೆ. ಹಾಕಲಿಲ್ಲ. ಹಾಕಿದರೆ ಗಾಡಿ ಹೊರಡುತ್ತಿತ್ತು, ಹೊರಟರೆ ಅವತ್ತು ಏನಾಗಿತ್ತು ಎಂದು ಎಲ್ಲರೂ ಕೇಳುತ್ತಿದ್ದರು.

ಇವತ್ತು ಬೆಳಿಗ್ಗೆ ಆಮೆ ನಾಲ್ಕು ಸಲ ಕೆಮ್ಮಿ ಐದನೆಯದಕ್ಕೆ ಹೊತ್ತಿಕೊಂಡಿತು. ಮೇಸ್ತ್ರಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ, "ಮಾತಾಡ್ತಿದೆ ಅಕ್ಕಾವ್ರೇ!" ಎಂದು ಕೂಗಿದರು. ಒಣಹಾಕಿದ್ದ ಬಿಳಿ ಕೋಟುಗಳಿಗೆಲ್ಲ ಹೊಗೆ. ನಾನು ಬಯ್ಯಲಿಲ್ಲ. ಗುಜರಿಯವನು ಬರಿಗೈಯಲ್ಲಿ ಹೋದ. ನಾಲ್ಕು ಮಿಷನ್ ವರಾಂಡದಲ್ಲೇ ಹಿಡಿಸುತ್ತವೆ.

ನಿನಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅವರನ್ನು ಕೇಳಿದೆ. "ಒಬ್ರ ಮೇಲೆ ಸಿಟ್ಟಿತ್ತು. ಇಬ್ರ ಮೇಲೂ ಬಂದಿದ್ರೆ ಅವಳು ಈ ಮನೇಲಿ ಯಾರಿಗೆ ಕಾಗದ ಬರೀತಿದ್ಲು?" ಎಂದರು.

ಅಕ್ಷರ ದೊಡ್ಡದಾಗಿ ಬರೆ. ಅವರೇ ಓದಿಕೊಳ್ಳಬೇಕು.