ಮುಖವಿಲ್ಲದ ನಿಮ್ಮ ಫೋಟೋ

ಅತ್ತೀ,

ನಿಮ್ಮ ಸೊಸೆ ಗಿರಿಜಾ ಬರೆಯುತ್ತಿದ್ದೇನೆ. "ಬಾಜೂಕ ಕುಂತು ಹೇಳೂದು ಬಿಟ್ಟು ಬರಕೋತ ಯಾಕ ಕುಂತಿ ಬೇ?" ಎಂದು ಬೈಯುತ್ತೀರಿ. ಬೈಯಿರಿ. ಪಕ್ಕದಲ್ಲಿ ಕೂತು ಹೇಳೋಣವೆಂದರೆ ನೀವು...

ನನ್ನ ಕಾಲು ಮುರಿದ ಬೇಸಿಗೆ ನೆನಪಿದೆಯೇ? ನಮ್ಮೂರು ಸಂಶಿಯ ಸುತ್ತಮುತ್ತ ಎಲ್ಲಿ ಲಗ್ನವಿದ್ದರೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಿದ್ದವಳು ಪಡಸಾಲೆಯ ಕಿಟಕಿಯ ಪಕ್ಕ ಮಂಚ ಹಿಡಿದೆ. ಬೇಸರ ಕಳೆಯಲು ನೀವು ತಂದಿಟ್ಟ ನೀರಿನ ತಂಬಿಗೆಯನ್ನೇ ಫೋಟೋ ತೆಗೆದೆ. "ಮಂದಿ ಇಲ್ಲದ ಫೋಟೋ ಯಾರ್ ನೋಡ್ತಾರ?" ಎಂದು ನಕ್ಕಿರಿ. ಅದು ನನಗೂ ಗೊತ್ತಿರಲಿಲ್ಲ. ಆದರೆ ಕಿಟಕಿಯ ಬೆಳಕು ಒಂದು ಮಗ್ಗುಲಿಗೆ ಬಿದ್ದು, ಇನ್ನೊಂದು ಮಗ್ಗುಲಿಗೆ ಮೆಲ್ಲಗೆ ನೆರಳಾಗಿ ಇಳಿದಾಗ ಆ ತಂಬಿಗೆ ಕೈಯಲ್ಲಿ ಹಿಡಿಯುವಷ್ಟು ದುಂಡಗೆ ಕಂಡಿತು. ಮಂಟಪದ ಝಗಮಗ ದೀಪಗಳಲ್ಲಿ ಇದನ್ನು ನಾನು ಎಂದಾದರೂ ನೋಡಿದ್ದೆನೇ?

ಒಂದು ಮುಂಜಾನೆ ನೀವೇ ಫೋಟೋಕ್ಕೆಂದು ಬೀಸುಕಲ್ಲಿನ ಮೇಲೆ ಬ್ಯಾಡಗಿ ಮೆಣಸಿನಕಾಯಿ ಸುರಿದಿರಿ. ಬದಿಗೆ ಹಿತ್ತಾಳೆ ಕೊಡ, ಇಳಕಲ್ ಸೀರೆ, ಬಾಳೆಹಣ್ಣು. "ಎಲ್ಲಾ ಬರಲಿ" ಎಂದಿರಿ. ನಾನು ಒಂದೊಂದನ್ನೇ ಅಲ್ಲಿಂದ ತೆಗೆಸುತ್ತ ಹೋದೆ. "ಮನ್ಯಾಗ ಏನೂ ಗತಿ ಇಲ್ಲ ಅಂತ ತಿಳಕೊಂತಾರ!" ಎಂದು ಜಗಳಕ್ಕೇ ನಿಂತಿರಲ್ಲ! ಕೊನೆಗೆ ಉಳಿದದ್ದು ಕಲ್ಲಿನ ಒರಟು ಮೈ, ಸುಕ್ಕುಗಟ್ಟಿದ ಕೆಲವೇ ಕಾಯಿ, ಸುತ್ತಲೂ ಖಾಲಿ ನೆಲ. ಕ್ಯಾಮೆರಾದ ಪರದೆಯನ್ನು ಕಣ್ಣ ಹತ್ತಿರ ತಂದು ನೋಡಿ, "ಹೌದವಾ, ಈಗ ನೋಡು, ಕೆಂಪು ಅಂದ್ರ ಅಗದಿ ಕೆಂಪು" ಎಂದಿರಿ. ಆಮೇಲೆ ನೀವೂ ಕೈಹಾಕಿದಿರಿ. ತೊಟ್ಟಿನ ಗೆರೆ ಎತ್ತ ಓಡಬೇಕು, ಎಷ್ಟು ಜಾಗ ಬಿಡಬೇಕು ಎಂದು ನಮ್ಮಿಬ್ಬರ ವಾದ. ಕೆಲವು ಸಲ ನೀವು ಗೆದ್ದಿರಿ, ಹೆಚ್ಚಾಗಿ ನಾನೇ.

ನಿಮ್ಮ ಕಡೆ ಕ್ಯಾಮೆರಾ ತಿರುಗಿಸಿದರೆ ಮಾತ್ರ ಸೆರಗು ಮುಖಕ್ಕೆ ಬರುತ್ತಿತ್ತು. "ನನ್ನ ಮಾರಿ ತಗದೀ ಅಂದ್ರ ನೋಡು ಮತ್ತ!" ನಾನು ಒತ್ತಾಯಿಸಲಿಲ್ಲ. ಒಂದು ಸಂಜೆ ಎಮ್ಮೆ ಕೂಗಿತೆಂದು ನೀವು ಎಲೆ ಮಡಿಸುವುದನ್ನು ಅರ್ಧಕ್ಕೇ ಬಿಟ್ಟು ಎದ್ದಿರಿ. ಕಿಟಕಿಯ ಕಟ್ಟೆಯ ಮೇಲೆ ನಿಮ್ಮ ಕನ್ನಡಕ, ಬಾಯಿ ತೆರೆದ ಎಲೆ ಅಡಿಕೆಯ ಚಂಚಿ, ಅರ್ಧ ಮಡಿಸಿದ ಎಲೆ. ಓರೆ ಬೆಳಕಿಗೆ ಕನ್ನಡಕದ ನೆರಳು ಉದ್ದಕ್ಕೆ ಚಾಚಿತ್ತು. ಯಾವುದನ್ನೂ ಸರಿಸದೆ ತೆಗೆದೆ.

ನೀವು ಹೋದ ದಿನ ಪೂಜೆಗಿಡಲು ಫೋಟೋ ಹುಡುಕಿದರು. ಫೋಟೋ ತೆಗೆಯುವವಳ ಮನೆಯಲ್ಲಿ ನಿಮ್ಮದೊಂದೂ ಫೋಟೋ ಇರಲಿಲ್ಲ! ನಿಮ್ಮ ಹಿರಿಮಗ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸೋಣ ಎಂದರು. ಅದರಲ್ಲಿ ನೀವು, ಯಾರೋ ಗದರಿಸಿ ಕೂರಿಸಿದವರ ಹಾಗೆ... ನಾನು ಕಿಟಕಿ ಕಟ್ಟೆಯ ಫೋಟೋ ಪ್ರಿಂಟ್ ಮಾಡಿಸಿ ಚೌಕಟ್ಟು ಹಾಕಿಸಿ ತಂದೆ.

"ಮಾರೀನ ಇಲ್ಲಲ್ಲ ಗಿರಿಜಾ. ಮಂದಿ ಏನಂದಾರು?"

"ಏನರ ಅನ್ನಲಿ ಭಾವಾರ. ಇದರಾಗ ಇದ್ದಷ್ಟು ಅತ್ತಿ ಆ ಕಾರ್ಡಿನಾಗ ಇಲ್ರಿ."

ಅಷ್ಟರಲ್ಲಿ ಕುಂದಗೋಳದಿಂದ ನಿಮ್ಮ ತಂಗಿ ಬಂದರು. ನೇರ ಫೋಟೋದ ಮುಂದೆ ಕೂತು ನೋಡಿದರು. "ಏನಕ್ಕಾ, ನನಗೊಂದು ಎಲಿ ಮಡಚಿ ಕೊಡದನ ಎದ್ದು ಹೋದಿ?" ಎಂದವರೇ ಗೊಳೋ ಎಂದು ಅತ್ತರು. ಭಾವ ವಿಭೂತಿ ತಂದು ಚೌಕಟ್ಟಿಗೆ ಹಚ್ಚಿದರು.

ಇನ್ನು ನೀವು ಕೇಳದ ಸುದ್ದಿ. ನಾನು ಮತ್ತೆ ಲಗ್ನಗಳಿಗೆ ಹೋಗುತ್ತಿದ್ದೇನೆ, ಆದರೆ ಮುಂಜಾನೆಯ ಹೊತ್ತು ನನ್ನದೇ, ಕಿಟಕಿಯ ಪಕ್ಕದ ಇಂಥ ಫೋಟೋಗಳಿಗೆ. ಧಾರವಾಡದ ಒಂದು ಪ್ರದರ್ಶನದಲ್ಲಿ ನಾನು ತೆಗೆದ ಈ ಫೋಟೋಗಳು ಗೋಡೆಯ ತುಂಬ ಇದ್ದವು. ಅವುಗಳಲ್ಲಿ ಮಂದಿ ಒಬ್ಬರೂ ಇರಲಿಲ್ಲ, ನೋಡುವ ಮಂದಿಗೆ ಕೊರತೆಯೂ ಇರಲಿಲ್ಲ. ನಿನ್ನೆ ನಿಮ್ಮ ತಂಗಿಯ ಫೋನು: "ನಂದೂ ಒಂದು ತಗಿ ಬಾ. ನಾ ಸತ್ತ ಮ್ಯಾಲ ಈ ಮಂದಿ ಏನ್ ಇಡ್ತಾರೋ ಯಾರ್ ಬಲ್ಲರು! ಕೈಕಾಲು ಗಟ್ಟಿ ಇದ್ದಾಗ ನನ್ನ ಸಾಮಾನು ನಾನ ಇಟ್ಟು ತೋರಸ್ತೀನಿ."

"ನಿಮಗ ಬೇಕಾದ್ದು ಇಡ್ರಿ ಸಣ್ಣತ್ತಿ," ಎಂದೆ. "ಖರೆ, ಬೆಳಕಿಗೆ ಯಾವ ಕಿಟಕಿ ತಗೀಬೇಕು ಅನ್ನೂದು ನಾ ಹೇಳಾಕಿ."

ನಾಳೆ ಮೊದಲ ಬಸ್ಸಿಗೆ ಕುಂದಗೋಳಕ್ಕೆ ಹೊರಟಿದ್ದೇನೆ.

ನಿಮ್ಮ ಗಿರಿಜಾ