ಮೊದಲನೆಯದು ಬೇಡ

ಅಮ್ಮಾ,

ನೀನು ಗೆದ್ದುಬಿಟ್ಟೆ ಕಣಮ್ಮಾ! ಅದೂ ಸರ್ಕಾರಿ ಕಾಗದದಲ್ಲಿ! ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ, ಆದರೂ ಬರೆಯದೆ ಇರಲಾರೆ.

ಬೆಳಿಗ್ಗೆ ಸಮೀಕ್ಷೆಯ ಹುಡುಗಿ ಬಂದಿದ್ದಳು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. "ಫ್ರಿಜ್ಜು, ಪರದೆ, ಮಗಳ ಓದು, ಇದೆಲ್ಲ ತೀರ್ಮಾನ ಮಾಡಿದ್ದು ಯಾರು ಸಾರ್?" ಅಂದಳು. ಅಪ್ಪ ಎದೆಯುಬ್ಬಿಸಿ "ನಾನೇ" ಅನ್ನುತ್ತಾರೆಂದು ಕಾದೆ.

"ನನ್ನ ಹೆಂಡ್ತಿ. ಬರ್ಕೊಳಮ್ಮ" ಅಂದರು!

"ಅಲ್ಲಪ್ಪಾ, ಎಲ್ಲದಕ್ಕೂ ಹೂಂ, ಉಹೂಂ ಅಂತಿದ್ದದ್ದು ನೀವಲ್ವಾ?" ಅಂದೆ.

"ಮೊದಲನೇದಕ್ಕೆ ನಾನು ಬೇಡ ಅಂತೀನಿ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ತನಗೆ ಬೇಡದ್ದನ್ನ ಮೊದಲು ತೋರಿಸೋಳು. ನನಗದು ಗೊತ್ತಿತ್ತು ಅನ್ನೋದೊಂದು ಅವಳಿಗೆ ಗೊತ್ತಿರಲಿಲ್ಲ!" ಎಂದು ಹೊಟ್ಟೆ ಹಿಡಿದು ನಕ್ಕರು. ನೀನು ಹೋದಮೇಲೆ ಅವರು ಹಾಗೆ ನಕ್ಕಿದ್ದು ಇವತ್ತೇ.

ನಾನೂ ನಗುತ್ತಿದ್ದೆ. ನೀಲಿ ಪರದೆ ಹಾಗೇ ಬಂತು! ಆ ದೊಡ್ಡ ಫ್ರಿಜ್ಜೂ! ಆಮೇಲೆ ನನ್ನ ಓದು ನೆನಪಾಯಿತು.

ಅವತ್ತು ನೀನು ಮೊದಲು ಎತ್ತಿದ್ದು ನನ್ನ ಮದುವೆಯ ಮಾತು. ಅಪ್ಪ "ಬೇಡ" ಅಂದರು. ಆಮೇಲೆ ನೀನು ಕಾಲೇಜು ಅಂದೆ, ಅಪ್ಪ "ಹೂಂ" ಅಂದರು. ನನ್ನನ್ನು ಸಾಗಹಾಕಲು ನೋಡಿದೆಯೆಂದು ನಾನು ನಿನ್ನೊಡನೆ ಮಾತು ಬಿಟ್ಟೆ. ಹಾಸ್ಟೆಲ್ಲಿಗೆ ಹೊರಟಾಗಲೂ ತಿರುಗಿ ನೋಡಲಿಲ್ಲ.

ಅಪ್ಪ ಹೂಂ ಅಂದೊಡನೆ ನೀನು ಅಕ್ಕಿ ಡಬ್ಬದ ಹಿಂದಿನಿಂದ ಕಾಲೇಜಿನ ಅರ್ಜಿ ತೆಗೆದೆಯಲ್ಲ, ಅದು ಆಗಲೇ ಭರ್ತಿಯಾಗಿತ್ತು ಅಮ್ಮಾ, ನಿನ್ನ ದುಂಡು ಅಕ್ಷರದಲ್ಲಿ. ನಾನು ಅದನ್ನು ನೋಡಿದ್ದೆ.